ಮತದಾನದ ಆಚೆಗೆ ಶ್ರಾವಕನ ಹೊಣೆ

ಪ್ರಜಾಪ್ರಭುತ್ವದಲ್ಲಿ ಪ್ರಜೆಯ ಕರ್ತವ್ಯವೇನೆಂದು ಕೇಳಿದರೆ ಬಹುಪಾಲು ಜನರು ಕೊಡುವ ಉತ್ತರ ಒಂದೇ: ತಪ್ಪದೆ ಮತ ಹಾಕುವುದು. ಚುನಾವಣೆಯ ದಿನ ಸರತಿಯಲ್ಲಿ ನಿಂತು, ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಮನೆಗೆ ಮರಳಿದವನಿಗೆ ತನ್ನ ಋಣ ತೀರಿತೆಂಬ ಸಮಾಧಾನವಿರುತ್ತದೆ. ಮುಂದಿನ ಐದು ವರ್ಷ ಆಳುವುದು ಗೆದ್ದವರ ಕೆಲಸ, ದೂರುವುದು ತನ್ನ ಕೆಲಸ ಎಂಬ ಹಂಚಿಕೆಯನ್ನು ಅವನು ಮನಸ್ಸಿನಲ್ಲಿಯೇ ಮಾಡಿಕೊಂಡಿರುತ್ತಾನೆ. ಈ ಸಮಾಧಾನ ಧರ್ಮದೃಷ್ಟಿಗೆ ಒಪ್ಪುವಂಥದೇ ಎಂಬುದು ಪ್ರಸ್ತುತ ಲೇಖನದ ವಿಚಾರ. ಪ್ರತಿನಿಧಿಗಳನ್ನೇ ನೆಚ್ಚಿ ಕೂರದೆ ಜನರೇ ನೇರವಾಗಿ ತೀರ್ಮಾನ ಕೈಗೊಳ್ಳಲಿ ಎಂದು ವಾದಿಸುವವರೂ ಇದ್ದಾರೆ. ಅಂತಹ ನೇರ ಪ್ರಜಾಪ್ರಭುತ್ವದ ಬೆಲೆ ಎಷ್ಟು, ಅಪಾಯ ಎಷ್ಟು ಎಂಬುದನ್ನೂ ಜೈನ ನೀತಿಯ ಬೆಳಕಿನಲ್ಲಿ ಪರಿಶೀಲಿಸಬೇಕಾಗಿದೆ.

ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು

ಕರ್ಮದ ಲೆಕ್ಕವನ್ನು ಜೈನದರ್ಶನ ಇಡುವ ಬಗೆ ಅತಿ ಸೂಕ್ಷ್ಮವಾದುದು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಆಸ್ರವದ ಭೇದಗಳನ್ನು ಎಣಿಸುವ ಕ್ರಮವೊಂದನ್ನು ಕೊಟ್ಟಿದ್ದಾರೆ. ಸಂರಂಭವೆಂದರೆ ಕಾರ್ಯದ ಸಂಕಲ್ಪ. ಸಮಾರಂಭವೆಂದರೆ ಅದಕ್ಕೆ ಬೇಕಾದ ಸಾಧನಗಳನ್ನು ಕೂಡಿಸುವುದು. ಆರಂಭವೆಂದರೆ ಕಾರ್ಯಕ್ಕೆ ತೊಡಗುವುದು. ಈ ಮೂರೂ ಮನಸ್ಸು, ಮಾತು, ಕಾಯಗಳಿಂದ ನಡೆಯುತ್ತವೆ. ತಾನೇ ಮಾಡಿದ್ದು ಕೃತ, ಇನ್ನೊಬ್ಬರಿಂದ ಮಾಡಿಸಿದ್ದು ಕಾರಿತ, ಇನ್ನೊಬ್ಬರು ಮಾಡಿದ್ದನ್ನು ಒಪ್ಪಿದ್ದು ಅನುಮತ ಎಂದು ಅವು ಮತ್ತೆ ಮೂರಾಗುತ್ತವೆ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಿಂದ ಗುಣಿಸಿದಾಗ ಒಟ್ಟು ಸಂಖ್ಯೆ 108. ಜಪಮಾಲೆಯ 108 ಮಣಿಗಳಿಗೆ ನಮ್ಮ ಹಿರಿಯರು ಹೇಳುತ್ತ ಬಂದಿರುವ ಅರ್ಥಗಳಲ್ಲಿ ಇದೂ ಒಂದು.

ಈ ಎಣಿಕೆಯಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದುದು ಕೃತ, ಕಾರಿತ, ಅನುಮತಗಳ ವಿಭಾಗ. ಕೈಯಾರೆ ಮಾಡದಿದ್ದರೆ ಪಾಪವಿಲ್ಲ ಎಂಬ ತರ್ಕವನ್ನು ಆಚಾರ್ಯರು ಒಪ್ಪಲಿಲ್ಲ. ಕಟುಕನ ಕೈಯಲ್ಲಿ ಕತ್ತಿಯಿತ್ತು, ನನ್ನ ಕೈಯಲ್ಲಿ ಹಣ ಮಾತ್ರ ಇತ್ತು ಎನ್ನುವವನನ್ನು ನಾವು ನಿರ್ದೋಷಿ ಎನ್ನುವುದಿಲ್ಲ. ಹಾಗಾದರೆ ಅದೇ ಅಳತೆಯನ್ನು ರಾಜ್ಯದ ವ್ಯವಹಾರಕ್ಕೆ ಹಿಡಿದು ನೋಡೋಣ. ರಾಜನ ಕಾಲದಲ್ಲಿ ಪ್ರಜೆಗೆ ರಾಜನನ್ನು ಆರಿಸುವ ಅಧಿಕಾರವಿರಲಿಲ್ಲ. ರಾಜನು ಕೆರೆಯನ್ನು ಕಟ್ಟಿಸಿದರೂ ಊರನ್ನು ಸುಡಿಸಿದರೂ ಅದರ ಕಾರಿತದೋಷ ಪ್ರಜೆಯ ಪಾಲಿಗೆ ಬರುತ್ತಿರಲಿಲ್ಲ. ಇಂದು ಆ ಆಸರೆ ಇಲ್ಲ. ಶಾಸಕನನ್ನು ಕಳುಹಿಸಿದವರು ನಾವು. ಅವನು ವ್ಯಯಿಸುವುದು ನಮ್ಮ ತೆರಿಗೆಯನ್ನು. ಅವನು ಸಹಿ ಹಾಕುವುದು ನಮ್ಮ ಹೆಸರಿನಲ್ಲಿ. ಮತದಾನವೆಂಬುದು ಶುದ್ಧವಾದ ಕಾರಿತಕ್ರಿಯೆ. ಮತಪೆಟ್ಟಿಗೆಯ ಬಳಿ ನಮ್ಮ ಹೊಣೆ ಮುಗಿಯುವುದಿಲ್ಲ, ಅಲ್ಲಿಂದ ಪ್ರಾರಂಭವಾಗುತ್ತದೆ.

ಒಂದು ಗ್ರಾಮಪಂಚಾಯಿತಿಯು ಕಾರ್ಖಾನೆಯೊಂದರ ವಿಷನೀರನ್ನು ಊರಕೆರೆಗೆ ಬಿಡಲು ಕಣ್ಣುಮುಚ್ಚಿ ಅನುವು ಮಾಡಿಕೊಟ್ಟಿತೆಂದು ಭಾವಿಸಿರಿ. ಮೀನು, ಕಪ್ಪೆ, ಹುಳುಹುಪ್ಪಟೆಗಳು ಅಸಂಖ್ಯವಾಗಿ ಸಾಯುತ್ತವೆ. ಆ ಊರಿನ ಶ್ರಾವಕನು ನೀರನ್ನು ಸೋಸಿ ಕುಡಿಯುತ್ತಾನೆ, ಸೂರ್ಯಾಸ್ತದ ಮೊದಲೇ ಊಟ ಮುಗಿಸುತ್ತಾನೆ, ಗೆಡ್ಡೆಗೆಣಸನ್ನು ಮುಟ್ಟುವುದಿಲ್ಲ. ಆದರೆ ಆ ವಿಷಯ ಚರ್ಚೆಗೆ ಬಂದ ಗ್ರಾಮಸಭೆಗೆ ಅವನು ಹೋಗಲಿಲ್ಲ, ಅಂಗಡಿಯ ವ್ಯಾಪಾರವಿತ್ತು. ತಿಳಿದ ಮೇಲೂ ಅರ್ಜಿ ಬರೆಯಲಿಲ್ಲ. ಯಾರ ವಿರೋಧವೂ ಬೇಡವೆನಿಸಿತು. ಒಂದು ಬಟ್ಟೆಯಲ್ಲಿ ಸೋಸಿ ಉಳಿಸಿದ ಜೀವಗಳೆಷ್ಟು, ಒಂದು ಮೌನದಿಂದ ಅಳಿದ ಜೀವಗಳೆಷ್ಟು ಎಂದು ಅವನೇ ತೂಗಿ ನೋಡಲಿ. ವ್ರತ ವ್ಯರ್ಥವಾಯಿತೆಂದು ಇದರ ಅರ್ಥವಲ್ಲ. ಮನೆಯ ಬಾಗಿಲಿನವರೆಗೆ ಬಂದ ಅಹಿಂಸೆ ಊರಿನ ಕೆರೆಯವರೆಗೆ ಹೋಗಲಿಲ್ಲವೆಂಬುದಷ್ಟೇ ಅದರ ಅರ್ಥ.

ಇಲ್ಲಿ ಒಂದು ಆಕ್ಷೇಪ ಸಹಜವಾಗಿಯೇ ಏಳುತ್ತದೆ. ಹೀಗೆ ಲೆಕ್ಕ ಹಾಕುತ್ತ ಹೋದರೆ ದೇಶದಲ್ಲಿ ನಡೆಯುವ ಪ್ರತಿಯೊಂದು ಅನ್ಯಾಯವೂ ಪ್ರತಿಯೊಬ್ಬನ ತಲೆಗೆ ಬಾರದೆ? ಅದನ್ನು ಹೊತ್ತು ಬದುಕುವುದು ಸಾಧ್ಯವೆ? ಇದಕ್ಕೂ ಅದೇ ಅಧ್ಯಾಯದಲ್ಲಿ ಉತ್ತರವಿದೆ. ಭಾವದ ತೀವ್ರತೆ ಮತ್ತು ಮಂದತೆ, ತಿಳಿದು ಮಾಡಿದ್ದು ಮತ್ತು ತಿಳಿಯದೆ ಮಾಡಿದ್ದು, ಆಶ್ರಯ, ಶಕ್ತಿ ಇವುಗಳಿಗೆ ಅನುಸಾರವಾಗಿ ಬಂಧದಲ್ಲಿ ತಾರತಮ್ಯವಿದೆ. ಮಂತ್ರಿಯ ಪಾಲು ಮತದಾರನದಲ್ಲ. ತಿಳಿಯುವ ದಾರಿಯೇ ಇಲ್ಲದ ಕೂಲಿಯ ಪಾಲು ವಕೀಲನದಲ್ಲ. ತಿಳಿಯುವ ಸಾಧನ, ಹೇಳುವ ನಾಲಗೆ, ಹೋಗುವ ಬಿಡುವು ಇದ್ದೂ ಹೋಗದವನ ಮೌನಕ್ಕೆ ಮಾತ್ರ ಶಾಸ್ತ್ರದಲ್ಲಿ ಪ್ರಮಾದವೆಂಬ ಹೆಸರಿದೆ. ಹೊಣೆ ಸಮನಾಗಿ ಹಂಚಿಕೆಯಾಗುವುದಿಲ್ಲ, ಆದರೆ ಯಾರ ಪಾಲೂ ಶೂನ್ಯವಲ್ಲ.

ದೂರವಿರುವುದು ವೈರಾಗ್ಯವೆ?

ಎರಡನೆಯ ಆಕ್ಷೇಪ ನಮ್ಮ ಸಮಾಜದಲ್ಲಿಯೇ ಹೆಚ್ಚಾಗಿ ಕೇಳಿಬರುವಂಥದು. ರಾಜಕೀಯವು ರಾಗದ್ವೇಷಗಳ ಕೆಸರು. ಅದರಿಂದ ದೂರವಿರುವುದೇ ಧರ್ಮಿಷ್ಠನ ಲಕ್ಷಣ. ದಾನ, ಪೂಜೆ, ಸ್ವಾಧ್ಯಾಯಗಳಿಂದ ಆತ್ಮಹಿತವನ್ನು ಸಾಧಿಸಿಕೊಳ್ಳುವುದೇ ಲೇಸು ಎಂಬ ಮಾತು. ಮಹಾವ್ರತಿಗಳ ವಿಷಯದಲ್ಲಿ ಇದು ನಿಜ. ಅವರು ಮನೆಯನ್ನೂ ಧನವನ್ನೂ ರಾಜ್ಯದ ರಕ್ಷಣೆಯ ಅಪೇಕ್ಷೆಯನ್ನೂ ಬಿಟ್ಟವರು. ಶ್ರಾವಕನು ಇವುಗಳಲ್ಲಿ ಯಾವುದನ್ನೂ ಬಿಟ್ಟಿಲ್ಲ. ಅವನ ಅಂಗಡಿಯನ್ನು ಪೊಲೀಸರು ಕಾಯಬೇಕು, ಅವನ ಸರಕು ಸರ್ಕಾರದ ರಸ್ತೆಯಲ್ಲಿ ಸಾಗಬೇಕು, ಅವನ ಒಪ್ಪಂದವನ್ನು ನ್ಯಾಯಾಲಯ ಎತ್ತಿಹಿಡಿಯಬೇಕು. ರಾಜ್ಯದ ಫಲವನ್ನು ಉಣ್ಣುವುದರಲ್ಲಿ ಗೃಹಸ್ಥನಾಗಿದ್ದು, ರಾಜ್ಯದ ಭಾರವನ್ನು ಹೊರುವ ಹೊತ್ತಿಗೆ ಮುನಿಯಾಗುವುದು ವೈರಾಗ್ಯವಲ್ಲ.

ನಮ್ಮ ಪುರಾಣಗಳೂ ಈ ಪಲಾಯನವನ್ನು ಬೋಧಿಸುವುದಿಲ್ಲ. ಆದಿತೀರ್ಥಂಕರ ಋಷಭದೇವನು ಅಸಿ, ಮಸಿ, ಕೃಷಿ, ವಾಣಿಜ್ಯ, ವಿದ್ಯೆ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಜನರಿಗೆ ಕಲಿಸಿ, ಬಾಳಿಗೊಂದು ವ್ಯವಸ್ಥೆಯನ್ನು ಕಟ್ಟಿಕೊಟ್ಟ ಮೇಲೆಯೇ ದೀಕ್ಷೆಗೆ ಹೊರಟನು. ಭರತ ಬಾಹುಬಲಿಗಳ ಸೇನೆಗಳು ಎದುರುಬದುರಾಗಿ ನಿಂತಾಗ, ಅಣ್ಣತಮ್ಮಂದಿರ ಅಭಿಮಾನಕ್ಕಾಗಿ ಸೈನಿಕರೇಕೆ ಸಾಯಬೇಕೆಂದು ಎರಡೂ ಕಡೆಯ ಮಂತ್ರಿಗಳು ನಡುವೆ ಬಂದರು. ಅವರ ಮಾತಿನಿಂದಲೇ ಯುದ್ಧವು ದೃಷ್ಟಿ, ಜಲ, ಮಲ್ಲಗಳೆಂಬ ಮೂರು ಧರ್ಮಯುದ್ಧಗಳಿಗೆ ಸೀಮಿತವಾಯಿತು. ಬಾಹುಬಲಿಯ ತ್ಯಾಗವನ್ನು ನಾವು ಮಸ್ತಕಾಭಿಷೇಕದಲ್ಲಿ ಸ್ಮರಿಸುತ್ತೇವೆ. ಚಕ್ರವರ್ತಿಯ ಕೋಪದ ಎದುರು ಬಾಯಿತೆರೆದ ಆ ಮಂತ್ರಿಗಳನ್ನು ಸ್ಮರಿಸುವುದು ಕಡಿಮೆ. ಕೂಡಿ ಆಳುವ ಪದ್ಧತಿಯೂ ನಮಗೆ ಹೊಸದಲ್ಲ. ವರ್ಧಮಾನ ಮಹಾವೀರರು ಜನಿಸಿದ್ದು ವೈಶಾಲಿಯ ಸುತ್ತಲಿನ ಗಣರಾಜ್ಯದ ನೆಲದಲ್ಲಿ. ಅಲ್ಲಿ ರಾಜ್ಯದ ವಿಚಾರಗಳು ಸಭೆಯಲ್ಲಿ ಚರ್ಚೆಯಾಗುತ್ತಿದ್ದವು. ಆದರೆ ಆ ಸಭೆಯಲ್ಲಿ ಕೂರುವ ಹಕ್ಕು ಕ್ಷತ್ರಿಯ ಕುಲಗಳ ಮುಖ್ಯಸ್ಥರಿಗೆ ಮಾತ್ರ ಇತ್ತೆಂಬುದನ್ನು ಮರೆಯಬಾರದು. ಯಾರಿಗೆ ಸಭೆಯಲ್ಲಿ ಸ್ಥಾನವಿಲ್ಲ ಎಂಬ ಪ್ರಶ್ನೆ ಅಂದಿನಷ್ಟೇ ಇಂದೂ ಮುಖ್ಯವಾದುದು.

ತೆರೆದಿರುವ ಬಾಗಿಲುಗಳು

ಮತದಾನದ ಹೊರಗೆ ಪ್ರಜೆಗೆ ಇರುವ ದಾರಿಗಳಾವುವು? ನಾವು ಭಾವಿಸುವುದಕ್ಕಿಂತ ಹೆಚ್ಚೇ ಇವೆ. ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಅದರ 243ಎ ವಿಧಿಯು ಗ್ರಾಮಸಭೆಗೆ ಸಾಂವಿಧಾನಿಕ ಸ್ಥಾನವನ್ನು ಕೊಟ್ಟಿತು. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ವಾರ್ಡ್ ಸಭೆ ಹಾಗೂ ಗ್ರಾಮಸಭೆಗಳು ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ, ಹೆಣ್ಣಾಗಲಿ ಗಂಡಾಗಲಿ, ಅಲ್ಲಿ ಸದಸ್ಯರು. ಅಲ್ಲಿಗೆ ಹೋಗಲು ಯಾರೂ ನಮ್ಮನ್ನು ಆರಿಸಿ ಕಳುಹಿಸಬೇಕಾಗಿಲ್ಲ. ನೇರ ಪ್ರಜಾಪ್ರಭುತ್ವದ ಈ ತುಣುಕನ್ನು ಕಾನೂನು ನಮ್ಮ ಮನೆಯ ಬಾಗಿಲಿಗೆ ತಂದಿಟ್ಟಿದೆ. ಕುರ್ಚಿಗಳು ಬಹುಮಟ್ಟಿಗೆ ಖಾಲಿ ಇರುತ್ತವೆ. ಮನೆ, ಸಾಲಗಳ ಫಲಾನುಭವಿಗಳ ಪಟ್ಟಿ ಓದುವ ದಿನ ಮಾತ್ರ ತುಂಬುತ್ತವೆ.

ಕರ್ನಾಟಕವು 2000ದಲ್ಲಿಯೇ ತನ್ನದೇ ಮಾಹಿತಿ ಹಕ್ಕಿನ ಕಾಯಿದೆಯನ್ನು ಮಾಡಿಕೊಂಡಿತ್ತು; ದೇಶಕ್ಕೆ ಅನ್ವಯಿಸುವ ಕಾಯಿದೆ 2005ರಲ್ಲಿ ಬಂದಿತು. ಹತ್ತು ರೂಪಾಯಿಯ ಶುಲ್ಕ ತೆತ್ತು ಕೇಳಿದ ಪ್ರಶ್ನೆಗೆ ಸಾಮಾನ್ಯವಾಗಿ ಮೂವತ್ತು ದಿನಗಳೊಳಗೆ ಉತ್ತರ ಕೊಡಬೇಕಾದುದು ಕಚೇರಿಯ ಕರ್ತವ್ಯ. ಹೊಸ ಕಾಯಿದೆಯ ಕರಡನ್ನು ಸಂಸತ್ತಿಗೆ ಒಯ್ಯುವ ಮೊದಲು ಕನಿಷ್ಠ ಮೂವತ್ತು ದಿನ ಜನರ ಮುಂದಿಟ್ಟು ಅಭಿಪ್ರಾಯ ಪಡೆಯಬೇಕೆಂಬ ನೀತಿಯನ್ನು ಕೇಂದ್ರ ಸರ್ಕಾರ 2014ರಲ್ಲಿ ಅಂಗೀಕರಿಸಿತು. ಸದನಗಳಿಗೆ ಅರ್ಜಿ ಸಲ್ಲಿಸುವ ಹಕ್ಕು, ಶಾಂತಿಯುತವಾಗಿ ಸಭೆ ಸೇರುವ ಹಕ್ಕು, ಸಾರ್ವಜನಿಕ ಹಿತಾಸಕ್ತಿಯ ಮೊಕದ್ದಮೆ ಇವೆಲ್ಲವೂ ಇದೇ ಸಾಲಿಗೆ ಸೇರಿದವು.

ಅರ್ಜಿಯ ಮೂಲಕ ನ್ಯಾಯ ಪಡೆದ ಬಹು ಹಳೆಯ ನಿದರ್ಶನವೊಂದು ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ ಕಲ್ಲಿನ ಮೇಲಿದೆ. 1368ರ ಆ ಶಾಸನವು ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ಹೇಳುತ್ತದೆ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಕಡೆಗಳ ಭವ್ಯಜನರು ಒಟ್ಟುಗೂಡಿ ವಿಜಯನಗರದ ಬುಕ್ಕರಾಯನಲ್ಲಿ ಬಿನ್ನಹ ಮಾಡಿಕೊಂಡರು. ಅರಸನು ಎರಡೂ ಕಡೆಯವರನ್ನು ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಲ್ಲಿ ಭೇದವೆಣಿಸಬಾರದೆಂದು ಕಟ್ಟು ಮಾಡಿದನು. ಜೈನರಿಗೆ ಪೂರ್ವದಂತೆ ಪಂಚಮಹಾವಾದ್ಯ ಹಾಗೂ ಕಲಶಗಳ ಮರ್ಯಾದೆ ನಿಂತಿತು. ಮನೆಗೊಂದು ಹಣದಂತೆ ಜೈನರು ಕೊಡುವ ವಂತಿಗೆಯಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಿ, ಉಳಿದುದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂದೂ, ಆ ಕೆಲಸವನ್ನು ತಿರುಮಲೆಯ ತಾತಯ್ಯನು ನೋಡಿಕೊಳ್ಳಬೇಕೆಂದೂ ಏರ್ಪಾಡಾಯಿತು. ಕಾವಲಿನ ಮೇಲ್ವಿಚಾರಣೆ ವೈಷ್ಣವ ಹಿರಿಯನಿಗೆ ಸೇರಿತೆಂಬುದು ಗಮನಾರ್ಹ. ಅಂದು ತಲೆ ಎಣಿಸಿದ್ದರೆ ಜೈನರು ಸೋಲುತ್ತಿದ್ದರು. ಅವರಿಗೆ ನ್ಯಾಯ ದೊರೆತದ್ದು ಅವರು ಕೂಡಿಬಂದು ಮಾತನಾಡಿದ್ದರಿಂದ, ಮತ್ತು ಎರಡೂ ಕಡೆಯ ಮಾತಿಗೆ ಕಿವಿಗೊಟ್ಟವನೊಬ್ಬನಿದ್ದುದರಿಂದ.

ಶಿಖರಜಿ ಕಲಿಸಿದ ಪಾಠ

2011ರ ಜನಗಣತಿಯಂತೆ ದೇಶದ 121 ಕೋಟಿ ಜನರಲ್ಲಿ ಜೈನರು ಸುಮಾರು 44.5 ಲಕ್ಷ, ಕರ್ನಾಟಕದಲ್ಲಿ ಸುಮಾರು 4.4 ಲಕ್ಷ. ನೂರಕ್ಕೆ ಅರ್ಧದಷ್ಟೂ ಇಲ್ಲದ ಸಮಾಜಕ್ಕೆ ಮತದ ಸಂಖ್ಯೆಯೊಂದೇ ಆಧಾರವಾದರೆ ಗತಿಯೇನೆಂಬುದು ಸಮ್ಮೇದ ಶಿಖರಜಿಯ ಪ್ರಕರಣದಲ್ಲಿ ಎಲ್ಲರ ಅರಿವಿಗೂ ಬಂದಿತು. ಇಪ್ಪತ್ತು ತೀರ್ಥಂಕರರ ನಿರ್ವಾಣಭೂಮಿಯಾದ ಜಾರ್ಖಂಡದ ಗಿರಿಡೀಹ ಜಿಲ್ಲೆಯ ಪಾರಸನಾಥ ಬೆಟ್ಟದ ಸುತ್ತಣ ಪ್ರದೇಶವನ್ನು ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿದ 2019ರ ಆಗಸ್ಟ್ ತಿಂಗಳ ಅಧಿಸೂಚನೆಯಲ್ಲಿ ಪ್ರವಾಸೋದ್ಯಮಕ್ಕೂ ಎಡೆಯಿತ್ತು. 2022ರ ಡಿಸೆಂಬರಿನಿಂದ 2023ರ ಜನವರಿಯವರೆಗೆ ದೇಶದ ಅನೇಕ ನಗರಗಳಲ್ಲಿ ಜೈನರು ಬೀದಿಗಿಳಿದರು. ಉಪವಾಸನಿರತರಾಗಿದ್ದ ಮುನಿಗಳೊಬ್ಬರು ಜೈಪುರದಲ್ಲಿ ದೇಹವಿಟ್ಟರು. ಜನವರಿ 5ರಂದು ಕೇಂದ್ರ ಸರ್ಕಾರ ಪ್ರವಾಸೋದ್ಯಮಕ್ಕೆ ಸಂಬಂಧಿಸಿದ ಅಂಶಗಳನ್ನು ತಡೆಹಿಡಿಯಿತು. ಇದು ಯಾವ ಚುನಾವಣೆಯ ಫಲವೂ ಅಲ್ಲ. ಮತದಾನದ ಆಚೆಗೆ ಪ್ರಜೆಗೆ ಧ್ವನಿಯಿದೆಯೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮಗೆ ಬೇಕಾಗಿಲ್ಲ.

ಆದರೆ ಪಾಠ ಇಲ್ಲಿಗೆ ಮುಗಿಯುವುದಿಲ್ಲ. ಅದೇ ತಿಂಗಳು ಸಂತಾಲ ಆದಿವಾಸಿಗಳು ಅದೇ ಬೆಟ್ಟದ ಕೆಳಗೆ ಸೇರಿ ತಮ್ಮ ಮಾತನ್ನು ಹೇಳಿದರು. ನಮಗೆ ಪಾರಸನಾಥವಾಗಿರುವ ಬೆಟ್ಟ ಅವರಿಗೆ ಮರಾಂಗ್ ಬುರು, ಪೂಜ್ಯವಾದ ಮಹಾಪರ್ವತ. ನಮ್ಮ ಗೆಲುವಿನಿಂದ ತಮ್ಮ ಪರಂಪರೆಯ ಹಕ್ಕುಗಳಿಗೆ ಕುಂದು ಬರಬಹುದೆಂಬ ಆತಂಕ ಅವರದಾಗಿತ್ತು. ಅವರ ಆರಾಧನೆಯಲ್ಲಿ ಬಲಿಯ ಆಚಾರವೂ ಇರುವುದರಿಂದ ನಮ್ಮಲ್ಲಿ ಅನೇಕರಿಗೆ ಅವರ ಮಾತನ್ನು ಕೇಳುವುದೇ ಕಷ್ಟವಾಯಿತು. ಕೇಂದ್ರದ ಆದೇಶವು ಉಸ್ತುವಾರಿ ಸಮಿತಿಯಲ್ಲಿ ಜೈನ ಸಮಾಜದ ಇಬ್ಬರನ್ನೂ ಸ್ಥಳೀಯ ಬುಡಕಟ್ಟಿನ ಒಬ್ಬರನ್ನೂ ಕಾಯಂ ಆಹ್ವಾನಿತರಾಗಿ ಸೇರಿಸಿಕೊಳ್ಳಬೇಕೆಂದು ಸೂಚಿಸಿತ್ತು. ಆ ಮೂರು ಆಸನಗಳಲ್ಲಿ ನಮ್ಮವು ಎರಡು ಎಂದು ಎಣಿಸಿ ತೃಪ್ತರಾಗುವುದು ಒಂದು ಬಗೆ. ಆ ಮೂರನೆಯವನ ಮಾತಿನಲ್ಲಿಯೂ ಸತ್ಯದ ಒಂದು ಅಂಶವಿದೆಯೆಂದು ಕಿವಿಗೊಡುವುದು ಇನ್ನೊಂದು ಬಗೆ. ಬಲಿಯನ್ನು ಒಪ್ಪಬೇಕಾಗಿಲ್ಲ, ಆದರೆ ಬೆಟ್ಟದ ಮೇಲೆ ಅವರಿಗಿರುವ ಭಕ್ತಿ ನಮ್ಮದರಷ್ಟೇ ನಿಜವೆಂಬುದನ್ನು ಒಪ್ಪದೆ ಅವರೊಡನೆ ಮಾತು ಸಾಧ್ಯವಿಲ್ಲ. ಅನೇಕಾಂತವಾದ ನಮ್ಮದೆಂದು ಹೇಳಿಕೊಳ್ಳುವವರಿಗೆ ಇದು ನಿಜವಾದ ಪರೀಕ್ಷೆ.

ನೇರ ಮತದ ಗುಣದೋಷಗಳು

ಹಾಗಾದರೆ ಇಂತಹ ಪ್ರಶ್ನೆಗಳನ್ನೆಲ್ಲ ಜನರ ನೇರ ಮತಕ್ಕೇ ಬಿಟ್ಟುಬಿಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ನಮ್ಮ ಸಂವಿಧಾನದಲ್ಲಿ ರಾಷ್ಟ್ರೀಯ ಜನಮತಗಣನೆಗೆ ಏರ್ಪಾಡಿಲ್ಲ. 1948ರಲ್ಲಿ ಜುನಾಗಢದಲ್ಲಿ, 1967ರಲ್ಲಿ ಗೋವೆಯಲ್ಲಿ, 1975ರಲ್ಲಿ ಸಿಕ್ಕಿಮಿನಲ್ಲಿ ನಡೆದಂತಹ ಮತಗಣನೆಗಳು ವಿಶೇಷ ಸಂದರ್ಭಗಳವು. ಗೋವೆಯ ಜನರು ಮಹಾರಾಷ್ಟ್ರದಲ್ಲಿ ವಿಲೀನವಾಗದೆ ಪ್ರತ್ಯೇಕವಾಗಿ ಉಳಿಯುವುದನ್ನು ಆರಿಸಿಕೊಂಡದ್ದು ಹಾಗೆಯೇ. ಈ ಪದ್ಧತಿಯನ್ನು ನಿತ್ಯದ ರೂಢಿಯಾಗಿ ಮಾಡಿಕೊಂಡ ದೇಶವೆಂದರೆ ಸ್ವಿಟ್ಜರ್ಲೆಂಡ್. ಅಲ್ಲಿ ಸಂಸತ್ತು ಮಾಡಿದ ಕಾಯಿದೆಯನ್ನು ನೂರು ದಿನಗಳಲ್ಲಿ 50,000 ಸಹಿಗಳನ್ನು ಕೂಡಿಸಿ ಜನರ ಮುಂದೆ ತರಬಹುದು. ಹದಿನೆಂಟು ತಿಂಗಳಲ್ಲಿ ಒಂದು ಲಕ್ಷ ಸಹಿಗಳಿಂದ ಸಂವಿಧಾನದ ತಿದ್ದುಪಡಿಯನ್ನೇ ಮತಕ್ಕೆ ಇಡಿಸಬಹುದು. ಜನರು ವರ್ಷದಲ್ಲಿ ಹಲವು ಬಾರಿ ಕಾನೂನನ್ನು ಓದಿ, ಚರ್ಚಿಸಿ ತೀರ್ಮಾನಿಸುತ್ತಾರೆ. ಶಾಸಕರು ಜನರನ್ನು ಮರೆತು ನಡೆಯಲಾರರು. ಇದು ಸಾಮಾನ್ಯ ಸಾಧನೆಯಲ್ಲ.

ಆದರೆ ಆ ದೇಶದಲ್ಲಿ ಜನರೇ ಮುಂದಿಟ್ಟು ಗೆಲ್ಲಿಸಿದ ಮೊತ್ತಮೊದಲ ತಿದ್ದುಪಡಿ ಯಾವುದೆಂಬುದನ್ನು ಜೈನ ವಾಚಕರು ವಿಶೇಷವಾಗಿ ಗಮನಿಸಬೇಕು. 1893ರ ಆಗಸ್ಟ್ 20ರಂದು ನೂರಕ್ಕೆ ಸುಮಾರು 60ರಷ್ಟು ಮತಗಳಿಂದ ಅಂಗೀಕೃತವಾದ ಆ ತಿದ್ದುಪಡಿಯು ಪ್ರಾಣಿಯನ್ನು ಮೊದಲು ಪ್ರಜ್ಞೆ ತಪ್ಪಿಸದೆ ವಧಿಸುವುದನ್ನು ನಿಷೇಧಿಸಿತು. ಪ್ರಾಣಿದಯಾ ಸಂಘಗಳು ಅದನ್ನು ಮುಂದಿಟ್ಟಿದ್ದವು. ಮೊದಲ ನೋಟಕ್ಕೆ ಇದು ಅಹಿಂಸೆಯ ಜಯವೆಂದು ತೋರುತ್ತದೆ. ಆದರೆ ಆ ನಿಷೇಧ ತಾಗಿದ್ದು ಯಹೂದ್ಯರ ಧರ್ಮಾಚಾರಕ್ಕೆ. ಪ್ರಾಣಿಯ ಮೇಲಿನ ಕರುಣೆಯ ಜೊತೆಗೆ ಯಹೂದ್ಯರ ಮೇಲಿನ ದ್ವೇಷವೂ ಆ ಚಳವಳಿಯನ್ನು ನಡೆಸಿತ್ತೆಂಬುದನ್ನು ಇತಿಹಾಸಕಾರರು ಗುರುತಿಸಿದ್ದಾರೆ. ಸರ್ಕಾರವೂ ಸಂಸತ್ತೂ ಅದನ್ನು ವಿರೋಧಿಸಿದ್ದವು; ಜನರು ಗೆಲ್ಲಿಸಿದರು. 1973ರಲ್ಲಿ ಪ್ರಾಣಿರಕ್ಷಣೆಯ ವ್ಯಾಪಕ ವಿಧಿಯೊಂದು ಅದರ ಸ್ಥಾನಕ್ಕೆ ಬಂದಿತು. ನಿಷೇಧ ಕಾಯಿದೆಯ ರೂಪದಲ್ಲಿ ಮುಂದುವರಿಯಿತು.

ಇದನ್ನು ಹೇಗೆ ತೂಗಬೇಕು? ಪ್ರಾಣಿಯ ಯಾತನೆ ಕಡಿಮೆಯಾದುದನ್ನು ನಾವು ಕೆಡುಕೆನ್ನಲಾರೆವು. ಆದರೆ ಜೈನಶಾಸ್ತ್ರವು ಕ್ರಿಯೆಯನ್ನು ಮಾತ್ರವಲ್ಲ, ಅದರ ಹಿಂದಿನ ಭಾವವನ್ನೂ ಅಳೆಯುತ್ತದೆ. ಅದೇ ಜನರು ತಮ್ಮ ಊಟದ ತಟ್ಟೆಯಲ್ಲಿದ್ದ ಪ್ರಾಣಿಗಾಗಿ ಏನನ್ನೂ ಬಿಡಲಿಲ್ಲ. ನೆರೆಯವನ ವಧೆಯನ್ನು ಹಿಂಸೆಯೆಂದೂ ತಮ್ಮದನ್ನು ಆಹಾರವೆಂದೂ ಕರೆದರು. ದಯೆ ಎಂಬ ಚೀಟಿಯ ಮೇಲೆ ಕ್ರೋಧ ಮಾನಗಳು ಮತ ಹಾಕಿದ್ದವು. ನಮಗೆ ಪ್ರಿಯವಾದ ವಿಷಯವೊಂದು ಮುಂದೆ ಬಂದಾಗ, ಅದನ್ನು ಬೆಂಬಲಿಸಲು ಸೇರಿದ ಗುಂಪಿನಲ್ಲಿ ಪ್ರಾಣಿಯ ಮೇಲಿನ ಕರುಣೆ ಎಷ್ಟು, ಮನುಷ್ಯನ ಮೇಲಿನ ದ್ವೇಷ ಎಷ್ಟು ಎಂದು ಪ್ರತಿಯೊಬ್ಬ ಶ್ರಾವಕನೂ ತನ್ನನ್ನೇ ಕೇಳಿಕೊಳ್ಳಬೇಕಾಗಿದೆ. ಈ ಪ್ರಶ್ನೆ ನಮ್ಮ ದೇಶಕ್ಕೂ ಅಪರಿಚಿತವಾದುದಲ್ಲ.

ನೇರ ಮತದಲ್ಲಿ ಇನ್ನೊಂದು ವಿಶೇಷವಿದೆ. ಪ್ರತಿನಿಧಿಯ ಮೂಲಕ ನಡೆದದ್ದು ಕಾರಿತವಾದರೆ, ನೇರ ಮತದಿಂದ ನಡೆದದ್ದು ಕೃತಕ್ಕೆ ಸಮೀಪವಾಗುತ್ತದೆ. ನಡುವೆ ಹೊಣೆ ಹೊರಿಸಲು ಯಾರೂ ಇರುವುದಿಲ್ಲ. ಅಧಿಕಾರ ಹೆಚ್ಚಿದಂತೆ ದೋಷದ ಪಾಲೂ ಹೆಚ್ಚುತ್ತದೆ. ಅದರ ಮೇಲೆ, ಮತಪತ್ರವು ಹೌದು ಅಥವಾ ಅಲ್ಲ ಎಂಬ ಎರಡೇ ಉತ್ತರಗಳನ್ನು ಬಲ್ಲುದು. ಸ್ಯಾದ್ವಾದವು ಸಪ್ತಭಂಗಿಯಲ್ಲಿ ಅಸ್ತಿ ನಾಸ್ತಿಗಳ ಜೊತೆಗೆ ಅವಕ್ತವ್ಯಕ್ಕೂ ಸ್ಥಾನ ಕೊಟ್ಟಿತು. ಪ್ರತಿಯೊಂದು ಹೇಳಿಕೆಗೂ ಯಾವ ಅಪೇಕ್ಷೆಯಿಂದ ಎಂಬ ನಿಬಂಧನೆಯನ್ನು ಹಾಕಿತು. ಮತಪತ್ರದಲ್ಲಿ ಆ ನಿಬಂಧನೆಗೆ ಜಾಗವಿಲ್ಲ. ಆದುದರಿಂದ ಅದಕ್ಕೆ ಜಾಗ ದೊರೆಯಬೇಕಾದುದು ಮತದ ಮೊದಲಿನ ಮಾತುಕತೆಯಲ್ಲಿ.

ಯಾರು ಜನ?

ಮಾತುಕತೆಯೇ ಮುಖ್ಯವೆಂದಾದರೆ, ಅದರಲ್ಲಿ ಕೂರಬೇಕಾದ ಜನ ಯಾರು? ನೇರ ಪ್ರಜಾಪ್ರಭುತ್ವದ ಅತಿ ಕಠಿಣ ಪ್ರಶ್ನೆ ಇದು. ಒಡಿಶಾದ ನಿಯಮಗಿರಿಯ ಪ್ರಕರಣ ಇದಕ್ಕೆ ಒಳ್ಳೆಯ ಉತ್ತರವೊಂದನ್ನು ಕೊಟ್ಟಿದೆ. ಬಾಕ್ಸೈಟ್ ಅದಿರು ತುಂಬಿದ ಆ ಬೆಟ್ಟಸಾಲು ಡೋಂಗ್ರಿಯಾ ಕೊಂಧ ಜನರಿಗೆ ತಮ್ಮ ದೈವ ನಿಯಮರಾಜನ ನೆಲೆ. ಗಣಿಗಾರಿಕೆಯ ಪ್ರಸ್ತಾಪವು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, 2013ರ ಏಪ್ರಿಲ್ 18ರ ತೀರ್ಪಿನಲ್ಲಿ, ಅಲ್ಲಿನ ಜನರ ಧಾರ್ಮಿಕ ಹಕ್ಕುಗಳ ಪ್ರಶ್ನೆಯನ್ನು ಅವರ ಗ್ರಾಮಸಭೆಗಳೇ ಪರಿಶೀಲಿಸಬೇಕೆಂದು ನ್ಯಾಯಾಲಯ ಹೇಳಿತು. ಅದೇ ವರ್ಷದ ಜುಲೈ ಆಗಸ್ಟ್ ತಿಂಗಳುಗಳಲ್ಲಿ ರಾಯಗಡ ಮತ್ತು ಕಾಳಾಹಂಡಿ ಜಿಲ್ಲೆಗಳ ಹನ್ನೆರಡು ಹಳ್ಳಿಗಳಲ್ಲಿ ಸಭೆ ಸೇರಿತು. ಹನ್ನೆರಡೂ ಸಭೆಗಳು ಗಣಿಯನ್ನು ನಿರಾಕರಿಸಿದವು. 2014ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಯೋಜನೆಗೆ ಅನುಮತಿಯನ್ನು ನಿರಾಕರಿಸಿತು.

ಇದೇ ಪ್ರಶ್ನೆಯನ್ನು ಇಡೀ ಒಡಿಶಾದ ಮತಕ್ಕೆ ಇಟ್ಟಿದ್ದರೆ ಬೆಟ್ಟ ಉಳಿಯುತ್ತಿತ್ತೆಂದು ಹೇಳುವ ಧೈರ್ಯ ಯಾರಿಗೂ ಇರಲಾರದು. ಎರಡೂ ನೇರ ಪ್ರಜಾಪ್ರಭುತ್ವವೇ. ಒಂದರಲ್ಲಿ ದೂರದವರು ಸಂಖ್ಯೆಯ ಬಲದಿಂದ ಹತ್ತಿರದವರ ಬದುಕನ್ನು ತೀರ್ಮಾನಿಸುತ್ತಾರೆ. ಇನ್ನೊಂದರಲ್ಲಿ ನೋವು ಯಾರಿಗೆ ತಗಲುವುದೋ ಅವರ ಮಾತು ಮೊದಲು ಕೇಳಿಬರುತ್ತದೆ. ಜೀವಗಳು ಒಂದಕ್ಕೊಂದು ಉಪಕಾರಿಗಳೆಂಬ ನಮ್ಮ ಸಿದ್ಧಾಂತಕ್ಕೆ ಎರಡನೆಯದೇ ಸಮೀಪವಾದುದು.

ಆದರೂ ಮುಖಾಮುಖಿ ಸಭೆಯೆಂದ ಮಾತ್ರಕ್ಕೆ ನ್ಯಾಯ ತಾನಾಗಿ ಬರುವುದಿಲ್ಲ. ಸ್ವಿಟ್ಜರ್ಲೆಂಡಿನ ಗಂಡಸರು 1959ರಲ್ಲಿ ಹೆಂಗಸರಿಗೆ ಮತಾಧಿಕಾರವನ್ನು ನಿರಾಕರಿಸಿ, 1971ರಲ್ಲಿ ಒಪ್ಪಿದರು. ಬಯಲಿನಲ್ಲಿ ನೆರೆದು ಕೈಯೆತ್ತಿ ತೀರ್ಮಾನಿಸುವ ಪುರಾತನ ಸಭೆಯನ್ನು ಉಳಿಸಿಕೊಂಡಿರುವ ಆಪೆನ್‌ಜೆಲ್ ಇನ್ನರ್‌ರೋಡನ್ ಎಂಬ ಪ್ರಾಂತದ ಪುರುಷರು 1990ರಲ್ಲಿಯೂ ಬೇಡವೆಂದೇ ಕೈಯೆತ್ತಿದರು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಹೆಂಗಸರಿಗೆ ಆ ಸಭೆಯ ಬಾಗಿಲು ತೆರೆಯಬೇಕಾಯಿತು. ನಮ್ಮ ಗ್ರಾಮಸಭೆಗಳಲ್ಲಿಯೂ ಭೂಮಾಲೀಕನು ಮುಂದೆ, ದಲಿತ ಕೂಲಿ ಹಿಂದೆ, ಹೆಂಗಸರು ಬಾಗಿಲಾಚೆ ನಿಲ್ಲುವ ದೃಶ್ಯ ಅಪರೂಪವೇನಲ್ಲ. ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆಯರೆಂಬ ಚತುರ್ವಿಧ ಸಂಘದಲ್ಲಿ ಮಹಾವೀರರು ಸ್ತ್ರೀಯರಿಗೆ ಸ್ಥಾನವಿಟ್ಟದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನಮ್ಮ ಬಸದಿಗಳ ಆಡಳಿತ ಮಂಡಳಿಗಳಲ್ಲಿ ಎಷ್ಟು ಶ್ರಾವಿಕೆಯರಿದ್ದಾರೆಂದು ಎಣಿಸಿದರೆ ಆ ಹೆಮ್ಮೆಗೆ ಆಧಾರವೆಷ್ಟೆಂಬುದು ತಿಳಿಯುತ್ತದೆ. ಆದುದರಿಂದ ನೇರ ಪ್ರಜಾಪ್ರಭುತ್ವಕ್ಕೆ ನ್ಯಾಯಾಲಯದ, ಸಂವಿಧಾನದ ಕಟ್ಟೆ ಬೇಕು. ಶಾಸನಸಭೆಯ ಕೆಲಸವನ್ನು ಅದು ಪೂರ್ಣಗೊಳಿಸಬೇಕೇ ಹೊರತು ಕಿತ್ತುಕೊಳ್ಳಬಾರದು. ರಾಜ್ಯದ ಆಯವ್ಯಯ, ರಕ್ಷಣೆ, ವಿಶಾಲ ಕಾನೂನುಗಳಿಗೆ ಪ್ರತಿನಿಧಿಗಳಿರಲಿ. ಊರಿನ ಕೆರೆ, ಗೋಮಾಳ, ಶಾಲೆ, ಬೆಟ್ಟಗಳ ಮಾತಿಗೆ ಊರೇ ಕೂರಲಿ.

ಆಚರಣೆಗೆ ತರುವ ಬಗೆ

ವಿಚಾರವು ಆಚಾರಕ್ಕೆ ಇಳಿಯದಿದ್ದರೆ ಪ್ರಯೋಜನವಿಲ್ಲ. ಆಚಾರ್ಯ ತುಲಸಿಯವರು 1949ರಲ್ಲಿ ಅಣುವ್ರತ ಆಂದೋಲನವನ್ನು ಆರಂಭಿಸಿದರು. ಚುನಾವಣೆಯಲ್ಲಿ ಅನೀತಿಯ ಮಾರ್ಗವನ್ನು ಹಿಡಿಯೆನೆಂಬ ಸಂಕಲ್ಪವೂ ಅದರ ಆಚಾರಸಂಹಿತೆಯಲ್ಲಿ ಸೇರಿದೆ. ಆ ದಾರಿಯಲ್ಲಿಯೇ ಇನ್ನೂ ನಾಲ್ಕು ಚಿಕ್ಕ ನಿಯಮಗಳನ್ನು ಸಾಧರ್ಮಿಕ ಬಂಧುಗಳ ಮುಂದಿಡಬಹುದು.

ಮೊದಲನೆಯದು, ಅಷ್ಟಮಿ ಚತುರ್ದಶಿಗಳನ್ನು ಪಾಲಿಸುವಂತೆ, ವರ್ಷಕ್ಕೆ ಎರಡು ಬಾರಿ ನಡೆಯುವ ಗ್ರಾಮಸಭೆ ಅಥವಾ ವಾರ್ಡ್ ಸಭೆಯ ದಿನವನ್ನು ಗುರುತಿಟ್ಟುಕೊಂಡು ಹೋಗುವುದು. ಮನೆಯ ಹೆಂಗಸರೂ ಹೋಗಬೇಕು, ಹೋದಮೇಲೆ ಮಾತಾಡಬೇಕು. ಎರಡನೆಯದು, ಯಾವುದೇ ವಿಷಯದಲ್ಲಿ ಕೈಯೆತ್ತುವ ಮೊದಲು ಎದುರು ಪಕ್ಷದವನ ವಾದವನ್ನು ಅವನೇ ಸರಿಯೆಂದು ಒಪ್ಪುವ ಹಾಗೆ ಒಮ್ಮೆ ಹೇಳಿನೋಡುವುದು; ಅನೇಕಾಂತವು ಅಭ್ಯಾಸವಾಗುವುದು ಹೀಗೆಯೇ. ಮೂರನೆಯದು, ಅರ್ಜಿಗೆ ಸಹಿ ಹಾಕುವಾಗ, ಮೆರವಣಿಗೆಗೆ ಸೇರುವಾಗ, ತನ್ನೊಳಗೆ ನಾಲ್ಕು ಕಷಾಯಗಳಲ್ಲಿ ಯಾವುದು ಎದ್ದಿದೆಯೆಂದು ನೋಡಿಕೊಳ್ಳುವುದು. ಕಷಾಯವಿದ್ದರೆ ಸಹಿಯನ್ನು ಬಿಡಬೇಕೆಂದಲ್ಲ. ಅದು ಇಳಿಯುವವರೆಗೆ ಒಂದು ದಿನ ತಡೆದರೆ ಸಾಕು. ನಾಲ್ಕನೆಯದು ಎಲ್ಲಕ್ಕಿಂತ ಕಷ್ಟದ್ದು. ವರ್ಷಕ್ಕೆ ಒಂದು ಬಾರಿಯಾದರೂ, ತನಗೂ ತನ್ನ ಸಮಾಜಕ್ಕೂ ಯಾವ ಲಾಭವೂ ಇಲ್ಲದ ಪ್ರಶ್ನೆಯೊಂದಕ್ಕಾಗಿ, ತನ್ನವರಲ್ಲದವರ ಪರವಾಗಿ ನಿಲ್ಲುವುದು. ಶಿಖರಜಿಗಾಗಿ ನಾವು ನಿಂತೆವು, ಅದು ಅವಶ್ಯವಾಗಿತ್ತು. ಊರಿನ ಪೌರಕಾರ್ಮಿಕನಿಗೆ ಸಂಬಳ ಬಾರದೆ ನಾಲ್ಕು ತಿಂಗಳಾದಾಗ ನಿಲ್ಲುವುದು ಅವಶ್ಯವಲ್ಲವೆ? ತನ್ನ ತೀರ್ಥಕ್ಕಾಗಿ ಮಾತ್ರ ಎಚ್ಚರಗೊಳ್ಳುವ ಪ್ರಜೆಯಲ್ಲಿ ಭಕ್ತಿಯಿರಬಹುದು, ಆದರೆ ಸಾಮಾನ್ಯಹಿತದ ವಿಚಾರದಲ್ಲಿ ಅವನ ಮಾತಿಗೆ ತೂಕ ಬರುವುದಿಲ್ಲ.

ಕೃತ, ಕಾರಿತ, ಅನುಮತಗಳಿಂದ ಆದ ದೋಷಗಳನ್ನು ನೆನೆದು ಹಿಂದೆ ಸರಿಯುವ ಕ್ರಮವನ್ನು ಪ್ರತಿಕ್ರಮಣವು ನಮಗೆ ಕಲಿಸಿದೆ. ಅಲ್ಲಿ ನಾವು ಏಕೇಂದ್ರಿಯ ಜೀವಗಳಿಗೆ ನಡೆಯುವಾಗ, ಕೂರುವಾಗ ಆದ ನೋವಿಗೂ ಕ್ಷಮೆ ಬೇಡುತ್ತೇವೆ.  ನಮ್ಮ ತೆರಿಗೆಯಿಂದ, ನಮ್ಮ ಮತದಿಂದ, ನಮ್ಮ ಗೈರುಹಾಜರಿಯಿಂದ ಈ ವರ್ಷ ಯಾವ ಜೀವಕ್ಕೆ ಯಾವ ನೋವಾಯಿತೆಂಬುದನ್ನೂ ಆ ಸ್ಮರಣೆಯಲ್ಲಿ ಸೇರಿಸಿಕೊಳ್ಳಲು ಶಾಸ್ತ್ರದ ಅಡ್ಡಿಯೇನೂ ಇಲ್ಲ. ಹಾಗೆ ಸೇರಿಸಿಕೊಂಡವನು ಮುಂದಿನ ಗ್ರಾಮಸಭೆಯ ದಿನ ಅಂಗಡಿಯ ಬಾಗಿಲನ್ನು ಎರಡು ಗಂಟೆ ಮುಚ್ಚಿ ಹೋಗದೆ ಇರಲಾರನು.